ಕಡೆಯ ಪಂಕ್ತಿಯ ಮುತ್ಯಾನೊಡನೆ ಚಿಂಚೋಳಿಯವರೆಗೆ

ಸೇಡಮಿನ ಹತ್ತಿರದ ಮುಧೋಳದಿಂದ ನಾವು ಹೊರಟದ್ದು ಒಂದು ಮಂಗಳವಾರ ಬೆಳಿಗ್ಗೆ. ಮಳೆ ಇನ್ನೂ ಹಿಡಿದಿರಲಿಲ್ಲ. ಬಂಡಿಯಲ್ಲಿ ಜೋಳದ ಕಣಕಿ ಹಾಸಿ, ಅದರ ಮೇಲೆ ಎರಡು ಕೌದಿ ಹಾಕಿ ಸಿದ್ರಾಮ ಮುತ್ಯಾನನ್ನು ಮಲಗಿಸಿದ್ದೆವು. ಮಲಗಿ ಎಂದರೆ ಮಲಗುವ ಆಸಾಮಿಯಲ್ಲ ಅವರು. ಊರು ದಾಟುವಷ್ಟರಲ್ಲಿ ಎದ್ದು ಕೂತು, "ಎತ್ತಿಗಿ ನೀರು ಕುಡಿಸೀಯೇನು? ನೀ ಏನರ ತಿಂದೀಯೇನು?" ಎಂದು ಬಂಡಿ ಹೊಡೆಯುವ ಹಣಮಂತನ ವಿಚಾರಣೆ ಶುರುಮಾಡಿದರು. ಹಣಮಂತ ತಿಂದಿದ್ದ. ನಾನೂ ತಿಂದಿದ್ದೆ. ಎತ್ತುಗಳದೂ ಆಗಿತ್ತು. ಅಷ್ಟು ಖಾತ್ರಿಯಾದ ಮೇಲೆ ಅವರು ತಮ್ಮ ಗಂಟು ಬಿಚ್ಚಿ ಕಡಕ್ ರೊಟ್ಟಿಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು.

ಮುತ್ಯಾ, ಅಂದರೆ ಅಜ್ಜ, ಎಂದು ಕರೆದರೂ ಅವರು ನನಗೆ ರಕ್ತಸಂಬಂಧಿಯಲ್ಲ. ನಾನು ಓದಿದ್ದು ಮುಧೋಳದ ಒಂದು ಮಠದಲ್ಲಿ ಇದ್ದುಕೊಂಡು. ಆ ಮಠದ ಅಡುಗೆಮನೆ ಅವರ ಕೈಯಲ್ಲಿತ್ತು. ನನ್ನಂಥ ಹುಡುಗರು, ಹಾದಿ ನಡೆದು ಬಂದವರು, ಹಬ್ಬಕ್ಕೆ ಬಂದ ಭಕ್ತರು, ಕಡೆಗೆ ಸ್ವಾಮಿಗಳು, ಎಲ್ಲರೂ ಅವರ ಕೈಯ ನುಚ್ಚು ಸಾರು ಉಂಡವರೇ. ಬಡಿಸಿದವನು ಎಲ್ಲರ ನಂತರ ಉಣ್ಣಬೇಕು ಎಂಬುದು ನಮ್ಮಲ್ಲಿ ದಾಸೋಹ ಮಾಡುವವರ ನೇಮ. ಎಷ್ಟೋ ಜನ ಅದನ್ನು ಹಬ್ಬದ ದಿನಕ್ಕೆ ಇಟ್ಟುಕೊಂಡಿರುತ್ತಾರೆ. ಮುತ್ಯಾ ಅದನ್ನು ಹೊಟ್ಟೆಗೇ ಕಟ್ಟಿಕೊಂಡಿದ್ದರು. ಒಂದು ದಿನವೂ ಅವರು ಪಂಕ್ತಿಯಲ್ಲಿ ಕೂತದ್ದನ್ನು ನಾನು ಕಂಡವನಲ್ಲ. ಎಲ್ಲರೂ ಎದ್ದು ಹೋದ ಮೇಲೆ ಒಲೆಯ ಬೂದಿಯ ಪಕ್ಕದಲ್ಲಿ ಕೂತು, ತಳದಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದರು. ಅದೇ ಅವರ ಪಂಕ್ತಿ.

ಆ ಬೇಸಗೆಯಲ್ಲಿ ಅವರ ಕೈ ನಡುಗತೊಡಗಿತು. ಒಂದು ದಿನ ಕುದಿಯುವ ಸಾರಿನ ಪಾತ್ರೆ ಜಾರಿ ಎಡಗಾಲ ಮೇಲೆ ಬಿತ್ತು. ಗಾಯ ಮಾಯುವ ಲಕ್ಷಣವೇ ಕಾಣಲಿಲ್ಲ. ಸ್ವಾಮಿಗಳೇನೋ, "ಇಲ್ಲೇ ಬಿಸಲು ಕಾಸಿಕೋತ ಕುಂದ್ರು ಸಿದ್ರಾಮ, ಹುಡುಗರು ಬಡಸ್ತಾರ" ಎಂದರು. ಮುತ್ಯಾ ಒಪ್ಪಲಿಲ್ಲ. "ನಾ ಬಡಸಿದ ಮನ್ಯಾಗ ನನಗ ಬಡಸೂದು ನೋಡಲಾರೆರಿ ಅಪ್ಪಾರ. ಎಲ್ಲೆರ ದವಾಖಾನಿಗಿ ಕಳಸ್ರಿ" ಎಂದರು. ಕಾಲಿಗೆ ದಿನಾ ಪಟ್ಟಿ ಕಟ್ಟುವವರೂ ಬೇಕಾಗಿತ್ತು, ಇರಲು ಒಂದು ನೆರಳೂ ಬೇಕಾಗಿತ್ತು. ನಮ್ಮ ಸೀಮೆಯಲ್ಲಿ ದವಾಖಾನೆ, ಕಚೇರಿ, ಠಾಣೆ ಎಲ್ಲದರ ಮಾತೂ ಉರ್ದು. ನನಗೆ ಉರ್ದು ಬರುತ್ತದೆ, ಸೇಡಮಿನಲ್ಲಿ ಮಾಸ್ತರಿಕೆ ಮಾಡುತ್ತೇನೆ, ಸಾಲೆಗೆ ರಜೆಯಿತ್ತು. ಹೀಗಾಗಿ ಈ ಕೆಲಸ ನನ್ನ ಹೆಗಲಿಗೆ ಬಂತು. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯೇ ಆಗಿತ್ತು. ವಾರದೊಳಗೆ ಮುತ್ಯಾನನ್ನು ಎಲ್ಲಾದರೂ ಸುಖವಾಗಿ ನೆಲೆಗೊಳಿಸಿ ಬರುತ್ತೇನೆಂದು ಎಲ್ಲರೆದುರು ಹೇಳಿ ಬಂದಿದ್ದೆ.

ಇಳಿಹೊತ್ತಿಗೆ ಸೇಡಮು ಮುಟ್ಟಿದೆವು. ರಾತ್ರಿ ನಮ್ಮ ಮನೆಯಲ್ಲೇ ಊಟ. ಅಲ್ಲಿ ಮೊದಲ ತಕರಾರು ಎದ್ದಿತು. ನನ್ನ ಹೆಂಡತಿ ಶರಣಮ್ಮ ಗಂಡಸರು, ಹಿರಿಯರು ಉಂಡ ಮೇಲೆ ಉಣ್ಣುವವಳು. ಮುತ್ಯಾ, "ನಿಂದಾಗ್ಲಿ ತಾಯಿ, ಆಮ್ಯಾಲ ನಂದು" ಎಂದರು. ಆಕೆ ನನ್ನ ಮುಖ ನೋಡಿದಳು, ನಾನು ಜಂತಿ ನೋಡಿದೆ. ಕಾಳುಪಲ್ಯ ತಣ್ಣಗಾಗುತ್ತಾ ಬಂತು. ಕಡೆಗೆ ಪಾಪ, ಆಕೆಯೇ ಸೋತು, ತಲೆಯ ಮೇಲೆ ಸೆರಗು ಎಳೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ಗಬಗಬನೆ ಒಂದು ರೊಟ್ಟಿ ತಿಂದು ಎದ್ದಳು. ಮದುವೆಯಾದಂದಿನಿಂದ ನನಗಿಂತ ಮೊದಲು ಆಕೆ ಉಂಡದ್ದು ಅದೇ ಮೊದಲು. ಮರುದಿನ ಬೆಳಿಗ್ಗೆ ಮುತ್ಯಾ ಸ್ನಾನ, ಲಿಂಗಪೂಜೆ ಮುಗಿಸುವವರೆಗೂ ಆಕೆಗೆ ನಗು ತಡೆಯಲಾಗಲಿಲ್ಲ.

ಹಾಗಿದ್ದರೆ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿರುತ್ತಾರೆ. ಶರಣಮ್ಮನೂ ಅದನ್ನೇ ಕೇಳಿದಳು. ನಾನೂ ಕೇಳಿದೆ. ಮುತ್ಯಾ ಕೈಮುಗಿದರು. "ಮಠದಾಗ ಉಂಡ ಹುಡುಗರ ಮನ್ಯಾಗ ಕುಂತು ನಾ ಉಂಡರ, ಅಂದು ನೀಡಿದ್ದು ಇಂದು ವಸೂಲಿ ಮಾಡಿದಂಗ ಆಗ್ತದ. ಅದು ಬ್ಯಾಡಪ್ಪಾ ಮಾಸ್ತರ" ಎಂದರು.

ಬುಧವಾರ ರೈಲು ಹತ್ತಿದೆವು. ಸೇಡಮಿನಿಂದ ಚಿತ್ತಾಪುರಕ್ಕೆ ಮೂರನೆಯ ದರ್ಜೆಗೆ ಕೆಲವೇ ಆಣೆ, ಆದರೆ ಕೂಡಲು ಜಾಗ ಸಿಕ್ಕಿದರೆ ಅದು ನಮ್ಮ ಪುಣ್ಯ. ತೊಗರಿಬೇಳೆಯ ಚೀಲಗಳ ಮೇಲೆ ಮುತ್ಯಾನನ್ನು ಕೂಡಿಸಿ, ಕಾಲಿಗೆ ಯಾರೂ ತಾಗದಂತೆ ನಾನು ಅಡ್ಡ ನಿಂತೆ. ಗಾಡಿ ಎಲ್ಲೆಂದರಲ್ಲಿ ನಿಲ್ಲುತ್ತಿತ್ತು. ಬಿಸಿಲಿಗೆ ಕಿಟಕಿಯ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತಿತ್ತು. ಮುತ್ಯಾ ಮಾತ್ರ ರೈಲು ಹತ್ತಿದ್ದೇ ಜೀವನದಲ್ಲಿ ಎರಡನೆಯ ಸಲವಾದ್ದರಿಂದ ಬಲು ಖುಷಿಯಲ್ಲಿದ್ದರು.

ಚಿತ್ತಾಪುರದಲ್ಲಿ ಒಬ್ಬ ಹಕೀಮರಿದ್ದಾರೆ, ಸುಟ್ಟ ಗಾಯಕ್ಕೆ ಅವರ ಮುಲಾಮು ಪ್ರಸಿದ್ಧ, ಮನೆಯ ಪಡಸಾಲೆಯಲ್ಲೇ ನಾಲ್ಕೈದು ಹಗ್ಗದ ಹೊರಸು ಹಾಕಿ ರೋಗಿಗಳನ್ನು ಇರಿಸಿಕೊಳ್ಳುತ್ತಾರೆ ಎಂದು ಕೇಳಿದ್ದೆ. ಹೋಗಿ ನೋಡಿದರೆ ಎಲ್ಲವೂ ಖರೆ. ಹಕೀಮ ಸಾಹೇಬರು ಮೃದು ಮಾತಿನ, ಬಿಳಿಗಡ್ಡದ ಮನುಷ್ಯ. ಗಾಯ ತೊಳೆದು ಮುಲಾಮು ಹಚ್ಚಿ, "ಇಲ್ಲೇ ಇರ್ಲಿ ನೋಡಮು" ಎಂದರು. ರೋಗಿಗಳಿಗೆ ಅವರ ಮನೆಯಿಂದಲೇ ಅನ್ನ ಬೇಳೆ ಬರುತ್ತದೆ. ಹಿಂದೂಗಳಿಗೆಂದು ಬೇರೆ ಒಲೆ, ಅದಕ್ಕೊಬ್ಬ ಅಡುಗೆಯವನೂ ಇದ್ದ. ಮುತ್ಯಾನನ್ನು ಹೊರಸಿನ ಮೇಲೆ ಕೂಡಿಸಿ, ನಾನು ನಿರಾಳವಾಗಿ ಬಜಾರಕ್ಕೆ ಹೋಗಿ ಚಹಾ ಕುಡಿದೆ. ಒಂದೇ ದಿನದಲ್ಲಿ ಕೆಲಸ ಮುಗಿಯಿತೆಂದು ಒಂದು ಎಲೆ ಅಡಿಕೆಯನ್ನೂ ಹಾಕಿಕೊಂಡೆ.

ತಿರುಗಿ ಬಂದಾಗ ಮುತ್ಯಾ ಹಿತ್ತಿಲ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದರು. ಮುಖ ಬಾಡಿಹೋಗಿತ್ತು. ಆದದ್ದು ಇಷ್ಟು. ಊಟ ಬಂದಾಗ ಎಲ್ಲರೂ ಉಂಡಿದ್ದಾರೆ, ಮುತ್ಯಾ ತಟ್ಟೆ ಪಕ್ಕಕ್ಕೆ ಸರಿಸಿ ಕೂತಿದ್ದಾರೆ. ಪಕ್ಕದ ಹೊರಸಿನಲ್ಲಿ ಜ್ವರದವನೊಬ್ಬನಿದ್ದ. ಅವನಿಗೆ ಹಕೀಮರು ಲಂಘನ ಹೇಳಿದ್ದರು. ಆತ ಉಣ್ಣದೆ ಮುತ್ಯಾ ಉಣ್ಣುವ ಹಾಗಿಲ್ಲ, ಆತನೋ ಮೂರು ದಿನ ಉಣ್ಣುವಂತಿಲ್ಲ. ಹಕೀಮರು ಕೇಳಿದಾಗ ಮುತ್ಯಾ ಸಂಕೋಚದಿಂದ, "ಈಗ ಬ್ಯಾಡ್ರಿ" ಎಂದಷ್ಟೇ ಹೇಳಿದ್ದಾರೆ. ಹಕೀಮರು ನಾಡಿ ಹಿಡಿದು ನೋಡಿ, ಮುದುಕನಿಗೆ ಹೊಟ್ಟೆ ಕಟ್ಟಿದೆ, ಅದಕ್ಕೇ ಅನ್ನ ಸೇರುತ್ತಿಲ್ಲ ಎಂದು ಒಂದು ದೊಡ್ಡ ಲೋಟ ಜುಲಾಬು ಕುಡಿಸಿಬಿಟ್ಟಿದ್ದಾರೆ. ಹಸಿದ ಹೊಟ್ಟೆಗೆ ಜುಲಾಬು!

ನಾನು ಸಂಗತಿ ಹೇಳಿದಾಗ ಹಕೀಮರು ಹಣೆ ಹಣೆ ಬಡಿದುಕೊಂಡರು. "ಮೊದ್ಲ ಹೇಳಬಾರ್ದೇನ್ರಿ ಮಾಸ್ತರ್ ಸಾಬ? ತೋಬಾ, ತೋಬಾ! ಗುನ್ಹಾ ಆಯ್ತಲ್ರಿ ನಂದು." ರಾತ್ರಿಯೆಲ್ಲ ಅವರೇ ಕೂತು ಮುತ್ಯಾನಿಗೆ ಸಕ್ಕರೆ ನೀರು ಕುಡಿಸಿದರು. ಕುಡಿಯುವ ಮುಂಚೆ ಜ್ವರದವನಿಗೂ ಒಂದು ಗುಟುಕು ಹಾಕಬೇಕಾಯಿತು. ಬೆಳಿಗ್ಗೆ ಹಕೀಮರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ನನಗೆ ಇವತ್ತೂ ನೆನಪಿದೆ. "ನನ್ನ ಕಡಿ ಇರೋ ಹೊರಸು ಎದ್ದು ಹೋಗೋರಿಗಿ. ಗಾಯಕ್ಕ ದವಾ ಕೊಡಬಲ್ಲೆ. ಮುಪ್ಪಿಗಿ ಏನ ಕೊಡ್ಲಿರಿ? ಇಲ್ಲಿ ಯಾವಾಗ್ಲೂ ಒಬ್ಬ ಉಪವಾಸ ಇದ್ದೇ ಇರ್ತಾನ. ನಿಮ್ಮ ಮುತ್ಯಾ ಇಲ್ಲಿ ಉಳಿಯಾಂಗಿಲ್ಲ." ಆಸ್ಪತ್ರೆಗಳ ಬಗ್ಗೆ ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಪಥ್ಯದವರು ಇಲ್ಲದ ದವಾಖಾನೆ ಎಲ್ಲಿದೆ?

ಗುರುವಾರ ವಾಡಿ. ಅಲ್ಲಿಯ ರೈಲ್ವೆಯವರ ದವಾಖಾನೆಯಲ್ಲಿ ಒಬ್ಬ ಪರಿಚಯದ ಬಾಬು ಇದ್ದರು. ನನ್ನ ಜೊತೆ ಓದಿದವರು, ಉಪಕಾರದ ಬುದ್ಧಿಯವರು. ಒಳಗೆ ಹೋಗಿ ನೋಡಿದೆ. ಕಬ್ಬಿಣದ ಮಂಚ, ಬಿಳಿ ಚಾದರ, ಔಷಧದ ವಾಸನೆ, ನೆಲಕ್ಕೆ ಶಹಾಬಾದಿನ ಫರಸಿ ಕಲ್ಲು, ಎಲ್ಲ ತೊಳೆದಿಟ್ಟಂತೆ ಇತ್ತು. ಅಲ್ಲಿ ಇರಬಹುದಾದವರು ನೌಕರರು, ನೌಕರರ ಹೆಂಡತಿ ಮಕ್ಕಳು, ಮತ್ತು ಅವರನ್ನೇ ನಂಬಿದ ತಂದೆ ತಾಯಿ. "ನಮ್ಮ ಪೈಕಿ ಒಬ್ಬರಿಗಿ ತಂದಿ ಆಗ್ಬೇಕಿತ್ತು ನೋಡು" ಎಂದು ಬಾಬು ತಲೆ ಕೆರೆದುಕೊಂಡರು. "ನಿನಗರ ಮುತ್ಯಾ ಏನಾಗ್ಬೇಕು?"

"ನನಗ ಅನ್ನ ನೀಡ್ಯಾರ" ಎಂದೆ.

"ಅಂಥಾ ನಾತಾ ನಮ್ಮ ಕಾಯ್ದೆದಾಗ ಇಲ್ಲೋ ಮಾರಾಯಾ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಇದ್ದದ್ದನ್ನೇ ಹೇಳಿದರು. ಗಾಯಕ್ಕೆ ಪಟ್ಟಿ ಬದಲಿಸಿ ಕೊಟ್ಟು, ಚಹಾ ತರಿಸಿದರು.

ವಾಡಿ ಜಂಕ್ಷನ್ನಿನಲ್ಲಿ ಎರಡು ಸರ್ಕಾರದ ರೈಲು ಸೇರುತ್ತವೆ. ನಮ್ಮ ಸೀಮೆಯ ಹಾಲಿ ನಾಣ್ಯ ಕೊಟ್ಟು ಇಂಗ್ಲಿಷರ ಕಲ್ದಾರ್ ರೂಪಾಯಿ ಕೊಂಡುಕೊಂಡು ಮುಂದಿನ ಟಿಕೀಟು ತೆಗೆಸಬೇಕು, ಆ ವ್ಯವಹಾರದಲ್ಲಿ ನಮ್ಮಂಥವರು ಯಾವಾಗಲೂ ಸೋಲುವವರೇ. ಪ್ಲಾಟ್‌ಫಾರ್ಮಿನ ಮೇಲೆ ಬೇವಿನ ನೆರಳಿನಲ್ಲಿ ಕೂತೆವು. ಪೂರಿ ಮಾರುವವನು ಬಂದ. ಮುತ್ಯಾನ ಹೊಟ್ಟೆಯಲ್ಲಿ ನಿನ್ನೆಯಿಂದ ಸಕ್ಕರೆ ನೀರು ಬಿಟ್ಟರೆ ಏನೂ ಇಲ್ಲ. ನಾನು ಅವರ ಎದುರಿಗೇ ನಾಲ್ಕು ಪೂರಿ ತಿಂದು ಮುಗಿಸಿ, ಅವರ ಕೈಗೆ ಕೊಟ್ಟೆ. ಅವರು ಕೈಯಲ್ಲಿ ಹಿಡಿದುಕೊಂಡು ಸುತ್ತ ನೋಡಿದರು. ಒಂದು ಗಾಡಿ ಬಂತು. ಬುತ್ತಿ ಬಿಚ್ಚುವವರು, ಮಕ್ಕಳಿಗೆ ತಿನ್ನಿಸುವವರು, ಏನೂ ಇಲ್ಲದೆ ನೋಡುತ್ತ ಕೂತವರು. ಆ ಗಾಡಿ ಹೋಗುವಷ್ಟರಲ್ಲಿ ಇನ್ನೊಂದು ಬಂತು. ಕಡೆಗೆ ಮುತ್ಯಾ ನಕ್ಕುಬಿಟ್ಟರು. "ಇಲ್ಲಿ ಎಲ್ಲರದೂ ಆಗಲಿ ಅಂತ ಕುಂತರ ನಾ ಸಾಯೂತನ ಉಪಾಸ ನೋಡಪ್ಪಾ" ಎಂದು ಪೂರಿಯನ್ನು ಪಕ್ಕದ ಕೂಸಿಗೆ ಕೊಟ್ಟರು. ನಾನೂ ನಕ್ಕೆ. ಆದರೆ ಅವರು ಏಳುವಾಗ ಕಾಲು ನಿಲ್ಲದೆ ನನ್ನ ಮೇಲೆ ವಾಲಿದರು, ಅವರ ತೂಕ ನನಗೆ ಗೊತ್ತಾಗಲೇ ಇಲ್ಲ. ಆಗ ಹೆದರಿಕೆ ಹುಟ್ಟಿತು.

ವಾಡಿಯಿಂದ ಶಹಾಬಾದು ಹತ್ತಿರ. ಊರು ಸಮೀಪಿಸುತ್ತಿದ್ದಂತೆ ಹಳಿಯ ಎರಡೂ ಕಡೆ ಫರಸಿಯ ಒಟ್ಟಿಲುಗಳು, ಗಿಡಮರದ ಎಲೆಯ ಮೇಲೂ ಬಿಳಿ ಧೂಳು. ಇಲ್ಲಿ ಕಲ್ಲಿನ ಖಣಿಯ ಒಬ್ಬ ಮಾಲಕರು ಕೆಲಸಗಾರರಿಗೆಂದು ಒಂದು ಸಣ್ಣ ದವಾಖಾನೆ ಇಟ್ಟಿದ್ದರು. ಅಲ್ಲಿಯ ಕಂಪೌಂಡರ ನರಸಪ್ಪ ಚಿಂಚೋಳಿಯ ಕಡೆಯವನು. ಖಣಿಯಲ್ಲಿ ಕೈಕಾಲು ಕಳೆದುಕೊಂಡವರನ್ನು ನೋಡಿ ನೋಡಿ ಅವನ ಮಾತು ಕಡಿಮೆಯಾಗಿತ್ತು. ಪಟ್ಟಿ ಬಿಚ್ಚಿ, ಮೂಗಿನ ಹತ್ತಿರ ಹಿಡಿದು, ನನ್ನನ್ನು ಹೊರಗೆ ಕರೆದ. "ಕಾಲು ಕೊಳೀಲಿಕತ್ತದರಿ ಮಾಸ್ತರ. ದಿನಾ ತೊಳೀಬೇಕು, ದಿನಾ ಕಟ್ಟಬೇಕು. ಒಂದು ದಿನ ತಪ್ಪಿದರೂ ಮೊಳಕಾಲತನ ತಗೀಬೇಕಾಗ್ತದ. ಇಲ್ಲಿ ಒಮ್ಮಿ ಮಾಡಿ ಕೊಡ್ತೀನಿ, ದಿನಾ ಮಾಡ್ಲಿಕ್ಕಿ ನನಗ ಹುಕುಮಿಲ್ಲ." ಆಮೇಲೆ ಅವನೇ ಚಿಂಚೋಳಿಯ ಒಂದು ಮನೆಯ ಸುದ್ದಿ ಹೇಳಿದ. ಒಬ್ಬ ಸಾವ್ಕಾರ್ತಿ ತನ್ನ ಗಂಡ ತೀರಿಕೊಂಡ ಮೇಲೆ ಮುದುಕರಿಗೆಂದು ಎಂಟು ಮಂಚ ಹಾಕಿ ನಡೆಸುತ್ತಿದ್ದಾಳೆ, ದಿನಾ ಒಬ್ಬ ಕಂಪೌಂಡರ ಬಂದು ನೋಡಿ ಹೋಗುತ್ತಾನೆ ಎಂದು. ನಾವು ಎಲ್ಲಿಂದ ಹೊರಟೆವೋ ಅದರ ಆಚೆಯ ತುದಿ! ಗೊತ್ತಿದ್ದರೆ ನೇರ ಬಂಡಿ ಕಟ್ಟಬಹುದಿತ್ತಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

ಅಂದು ಸೇಡಮಿಗೆ ತಿರುಗಿ ಹೋಗಲು ಗಾಡಿ ಇರಲಿಲ್ಲ. ಊರ ಹೊರಗೆ ಒಂದು ಸಣ್ಣ ದರ್ಗಾ, ಅದರ ಪಕ್ಕದಲ್ಲಿ ಹಾದಿಹೋಕರ ಸಾಲುಮನೆ. ನರಸಪ್ಪನ ಮಾತಿನ ಮೇಲೆ ಅಲ್ಲಿಗೆ ಹೋದೆವು. ದರ್ಗಾ ನೋಡಿಕೊಳ್ಳುವ ಮುಜಾವರ ಮೌಲಾಸಾಬರು ಮುತ್ಯಾನಷ್ಟೇ ವಯಸ್ಸಿನವರು. ಅಲ್ಲಿ ಖಾಯಂ ಇರುವ ಮುದುಕರೂ ಇದ್ದರು. ಕಲ್ಲಿನ ಸಿಬಿರು ಬಡಿದು ಕಣ್ಣು ಹೋದ ಒಬ್ಬ ಖಣಿಯವನು, ಯಾರೂ ಇಲ್ಲದ ಇಬ್ಬರು ಹೆಂಗಸರು, ಎಲ್ಲಿಂದಲೋ ಬಂದ ಒಬ್ಬ ಫಕೀರ. ಯಾರು ಯಾವ ಜಾತಿ ಎಂದು ನಾನು ಕೇಳಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಮಂಚವಿಲ್ಲ, ಚಾದರವಿಲ್ಲ. ಗೋಡೆಗೆ ಒಂದೊಂದು ಚಾಪೆ ಒರಗಿಸಿಟ್ಟಿದ್ದರು.

ಅಂದು ಜುಮ್ಮೇರಾತು, ಅಂದರೆ ಗುರುವಾರ, ದರ್ಗಾದಲ್ಲಿ ಮಾಲ್ದಿ ಹಂಚುವ ದಿನ. ಹರಕೆ ಹೊತ್ತವರು ತಂದುಕೊಟ್ಟ ಚಪಾತಿಯ ಒಟ್ಟಿಲು, ಬೆಲ್ಲ, ಒಣಕೊಬ್ಬರಿ, ತುಪ್ಪ, ಎಲ್ಲ ಒಂದು ದೊಡ್ಡ ತಾಟಿನ ಮುಂದೆ ಬಿದ್ದಿತ್ತು. ಮುತ್ಯಾ ಗೋಡೆಗೆ ಒರಗಿ ಅದನ್ನೇ ನೋಡುತ್ತಿದ್ದರು. "ಚಪಾತಿ ಹಿಂಗ ಮುರಿದರ ಬೆಲ್ಲ ಹಿಡಿಯಾಂಗಿಲ್ಲರಿ ಮುಜಾವರ" ಎಂದರು.

"ಹಂಗಾದ್ರ ಹ್ಯಾಂಗ ಮುರೀಬೇಕು, ನೀವೇ ತೋರ್ಸ್ರಲ್ಲ" ಎಂದರು ಮೌಲಾಸಾಬರು.

ಮುತ್ಯಾ ತೆವಳಿಕೊಂಡು ಹೋಗಿ ತಾಟಿನ ಮುಂದೆ ಕೂತರು. ಕೈ ತೊಳೆದುಕೊಂಡು ಎರಡೂ ಅಂಗೈಯಿಂದ ಚಪಾತಿಯನ್ನು ತಿಕ್ಕತೊಡಗಿದರು. ಮಾಲ್ದಿ ತಿಕ್ಕುವುದಕ್ಕೆ ನಡುಗುವ ಕೈಯೇನೂ ಅಡ್ಡಿಯಲ್ಲ, ಅಂಗೈ ಅಲುಗಿದಷ್ಟೂ ಒಳ್ಳೆಯದು. ಬೆಲ್ಲ ಹದವಾಗಿ ಬೆರೆತು ಘಮ ಎದ್ದಿತು. ಹೆಂಗಸರು ಕೊಬ್ಬರಿ ತುರಿದು ಹಾಕಿದರು. ಫಾತಿಹಾ ಓದಿದ ಮೇಲೆ ಮುತ್ಯಾನೇ ಕೂತಲ್ಲಿಂದ ಎಲ್ಲರ ಎಲೆಗೆ ಮುಟಗಿ ಮುಟಗಿ ಮಾಲ್ದಿ ಹಾಕಿದರು. ಹರಕೆಯವರು, ಹಾದಿಯವರು, ಕಣ್ಣಿಲ್ಲದ ಖಣಿಯವ, ಫಕೀರ, ಹೆಂಗಸರು, ನಾನು. ಎಲ್ಲರದೂ ಆದ ಮೇಲೆ ತಾಟಿನಲ್ಲಿ ಉಳಿದದ್ದಕ್ಕೆ ಇಬ್ಬರೇ ಉಳಿದಿದ್ದರು, ಮುತ್ಯಾ ಮತ್ತು ಮೌಲಾಸಾಬರು. ಮೌಲಾಸಾಬರೂ ಎಲ್ಲರ ನಂತರ ಉಣ್ಣುವವರೇ. "ನೀವು ಮೊದಲ", "ಹಾಂ ಹಾಂ, ನೀವು ಮೊದಲ" ಎಂದು ಇಬ್ಬರೂ ಸ್ವಲ್ಪ ಹೊತ್ತು ಜಗ್ಗಾಡಿ, ಒಟ್ಟಿಗೇ ಕೈ ಹಾಕಿದರು. ಮುತ್ಯಾ ಎರಡು ಸಲ ಕೇಳಿ ಹಾಕಿಸಿಕೊಂಡು ತಿಂದರು. ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ಹೊತ್ತೂ ಹಿಡಿದುಕೊಂಡ ಹೆದರಿಕೆ ಇಳಿದು ಹೋಯಿತು.

ಶುಕ್ರವಾರ ಬೆಳಿಗ್ಗೆ ಮುತ್ಯಾ ತಾವಾಗಿಯೇ ಹೇಳಿದರು. "ಮಾಸ್ತರಪ್ಪಾ, ನನಗ ಇಲ್ಲೇ ಬಿಟ್ಟು ಹೋಗು. ಚಲೋ ಅದ ಇಲ್ಲಿ."

ನಾನು ಮೌಲಾಸಾಬರನ್ನು ಕೇಳಿದೆ. ಅವರು ಗಡ್ಡ ನೀವಿಕೊಂಡರು. "ಇರ್ಲಿ ಅಂತ ನನ್ನ ದಿಲ್ ಹೇಳ್ತದರಿ. ಅನ್ನಕ್ಕ ಕಮ್ಮಿ ಇಲ್ಲ. ಆದ್ರ ಆ ಕಾಲಿಗಿ ನಾ ಏನ್ ಮಾಡ್ಲಿ? ಪಟ್ಟಿ ಕಟ್ಟೋರು ಇಲ್ಲಿ ಯಾರದಾರ? ಇನ್ನೊಂದು ಮಾತು. ನಾಳೆ ಇವ್ರು ಇಲ್ಲೇ ಕಣ್ಣು ಮುಚ್ಚಿದ್ರ ನಿಮ್ಮ ಮಠದೋರು ಬಂದು ಕೇಳ್ತಾರ, ನಮ್ಮೋರೂ ಕೇಳ್ತಾರ. ನಿಮ್ಮಲ್ಲೂ ಮಣ್ಣು, ನಮ್ಮಲ್ಲೂ ಮಣ್ಣು. ಆದ್ರ ಜಾಗಾ ಬ್ಯಾರೆ ಬ್ಯಾರೆ. ದಿನಮಾನ ನಿಮಗ ಗೊತ್ತೇ ಅದ." ದಿನಮಾನ ನನಗೆ ಗೊತ್ತಿತ್ತು. ಎರಡು ಕಡೆಯವರೂ ಸಣ್ಣ ಮಾತಿಗೆ ಮುಖ ಗಂಟಿಕ್ಕುವ ಕಾಲ ಶುರುವಾಗಿತ್ತು.

ನರಸಪ್ಪನ ಮಾತು ಕಿವಿಯಲ್ಲಿತ್ತು. ಒಂದು ದಿನ ತಪ್ಪಿದರೂ ಮೊಳಕಾಲವರೆಗೆ. ಅನ್ನ ಸೇರುವ ಜಾಗದಲ್ಲಿ ಬಿಟ್ಟರೆ ಕಾಲು ಹೋಗುತ್ತದೆ, ಕಾಲು ಉಳಿಯುವ ಜಾಗಕ್ಕೆ ಒಯ್ದರೆ ಅನ್ನದ ಗತಿ ಏನೋ. ನಾನು ಕಾಲನ್ನು ಆರಿಸಿದೆ. ಇವತ್ತು ಕೂತು ಯೋಚಿಸಿದರೂ ಬೇರೆ ಏನು ಮಾಡಬಹುದಿತ್ತೋ ತಿಳಿಯುವುದಿಲ್ಲ. ಮುತ್ಯಾ ತಮ್ಮ ಗಂಟು ಕಟ್ಟಿಕೊಂಡರು. ಮೌಲಾಸಾಬರು ಒಂದು ಅರಿವೆಯಲ್ಲಿ ಮಾಲ್ದಿ ಕಟ್ಟಿಕೊಟ್ಟರು. ಅದನ್ನು ಮುತ್ಯಾ ರೈಲಿನಲ್ಲಿ ಸುತ್ತ ಕೂತವರಿಗೆಲ್ಲ ಹಂಚಿ, ಅರಿವೆಗೆ ಅಂಟಿದ್ದನ್ನು ತಾವು ತಿಂದರು.

ಅಂದು ಸೇಡಮಿಗೆ ವಾಪಸಾಗಿ, ಶನಿವಾರ ನಸುಕಿನಲ್ಲಿ ಅಲ್ಲೇ ಉಳಿದಿದ್ದ ಹಣಮಂತನಿಂದ ಬಂಡಿ ಕಟ್ಟಿಸಿದೆವು. ಸೇಡಮಿನಿಂದ ಚಿಂಚೋಳಿಗೆ ಬಂಡಿಯಲ್ಲಿ ಎರಡು ದಿನದ ದಾರಿ. ಮೋಟಾರು ಬೇಗ ಹೋಗುತ್ತದೆ, ಆದರೆ ಆ ಕುಲುಕಾಟ ಆ ಕಾಲಿಗೆ ಆಗುವಂಥದಲ್ಲ. ಕರಿನೆಲದ ಹೊಲಗಳೆಲ್ಲ ಹರಗಿ ಮಳೆಗಾಗಿ ಕಾಯುತ್ತಿದ್ದವು. ಮಧ್ಯಾಹ್ನ ಒಂದು ಬಾವಿಯ ಹತ್ತಿರ ನಿಂತು ನಾನೇ ಗಾಯ ತೊಳೆದು ಪಟ್ಟಿ ಕಟ್ಟಿದೆ. ನನ್ನ ಕಟ್ಟು ನೋಡಿ ಮುತ್ಯಾ, "ಪುಸ್ತಕಕ್ಕ ರಟ್ಟು ಹಾಕಿದಂಗ ಆಗ್ಯದ ಮಾಸ್ತರ" ಎಂದು ಚೇಷ್ಟೆ ಮಾಡಿದರು. ಸುಲೇಪೇಟದಲ್ಲಿ ರಾತ್ರಿ ತಂಗಿದೆವು. ಭಾನುವಾರ ಮುಂದೆ ಹೋದಂತೆ ನೆಲ ಕೆಂಪಾಯಿತು, ಗಿಡಗಂಟಿ ಹೆಚ್ಚಾಯಿತು, ಹಾದಿಯವರ ಮಾತಿನಲ್ಲಿ ತೆಲುಗು ಬೆರೆಯಿತು. ಬಂಡಿಯಲ್ಲಿ ಮೂವರೇ ಇದ್ದೆವು, ಊಟದ ತಕರಾರು ಬರಲಿಲ್ಲ. ಮುತ್ಯಾ ತಮ್ಮ ಮಠದ ಕಥೆಗಳನ್ನು ಹೇಳುತ್ತ ಬಂದರು. ಇಡೀ ಪ್ರವಾಸದಲ್ಲಿ ನನಗೆ ಇಷ್ಟವಾದದ್ದು ಅದೇ ದಾರಿ. ಅದು ಇನ್ನೂ ಉದ್ದ ಇದ್ದಿದ್ದರೆ ಎನಿಸುತ್ತದೆ.

ಮುಲ್ಲಾಮಾರಿ ಹೊಳೆಯಲ್ಲಿ ನೀರು ತೀರ ಕಡಿಮೆ ಇತ್ತು. ಚಿಂಚೋಳಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಸಾವ್ಕಾರ್ತಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸುಣ್ಣ ಬಳಿದ ಉದ್ದನೆಯ ಪಡಸಾಲೆ, ಎಂಟು ಮಂಚ, ಪ್ರತಿ ಮಂಚಕ್ಕೂ ಒಂದು ಕಿಟಕಿ, ಕುಡಿಯುವ ನೀರಿನ ತಂಬಿಗೆ. ಅಂಗಳದಲ್ಲಿ ಬಿಲ್ವಪತ್ರಿಯ ಗಿಡ. ಎಂಟನೆಯ ಮಂಚ ಖಾಲಿ ಇತ್ತು. ನಾನು ನೋಡಿದ ಎಲ್ಲ ಜಾಗಗಳಲ್ಲಿ ಇದಕ್ಕೆ ಸರಿಸಮ ಯಾವುದೂ ಇಲ್ಲ ಎಂದು ಈಗಲೂ ಹೇಳುತ್ತೇನೆ. ಮನೆಯಲ್ಲಿ ಹಿರಿಯರಿದ್ದು ಕೈಲಾಗದವರು ಹೋಗಿ ನೋಡಿ ಬನ್ನಿ. ಕಂಪೌಂಡರ ಬಂದು ಗಾಯ ನೋಡಿ, "ಕಾಲು ಉಳೀತದ" ಎಂದ. ಆ ಒಂದು ಮಾತಿಗೆ ನನ್ನ ದಣಿವೆಲ್ಲ ಇಳಿಯಿತು.

ಸಾವ್ಕಾರ್ತಿ ಗಂಗಮ್ಮ ಸ್ವತಃ ಬಂದು ಮುತ್ಯಾನ ಕಾಲು ಮುಟ್ಟಿ ನಮಸ್ಕರಿಸಿದರು. "ಇಷ್ಟು ವರ್ಷ ಮಂದಿಗಿ ಮಾಡಿ ಹಾಕೀರಿ. ಇನ್ನ ಕುಂತು ಉಣ್ರಿ ಮುತ್ಯಾ. ಇಲ್ಲಿ ನೀವು ಒಂದು ಹುಲ್ಲುಕಡ್ಡಿ ಎತ್ತಾಂಗಿಲ್ಲ" ಎಂದರು. ಎಷ್ಟು ಪ್ರೀತಿಯಿಂದ ಹೇಳಿದರೆಂದರೆ, ಅದಕ್ಕೆ ಅಡ್ಡ ಮಾತಾಡಲು ನನಗೆ ಬಾಯಿ ಬರಲಿಲ್ಲ. ಮುತ್ಯಾ ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದರು.

ಆ ಸಂಜೆ ಬಡಿಸಲು ಬಂದವಳು ಈರಮ್ಮ, ಐನಾಪುರದ ವಿಧವೆ. ಹಿಂದಿನ ವರ್ಷವಷ್ಟೇ ಈ ಮನೆಗೆ ಬಂದವಳು. ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಏಳು ಮಂದಿಯೂ ಉಂಡರು. ಮುತ್ಯಾ ಕೇಳಿದರು, "ಎಲ್ಲರದೂ ಆತೇನು ತಾಯಿ?"

"ಆತ್ರಿ ಮುತ್ಯಾ."

"ನಿಂದು?"

"ನಂದು ಆಮ್ಯಾಲ್ರಿ. ನಿಮ್ದಾಗ್ಲಿ."

ಮುತ್ಯಾ ತಟ್ಟೆ ಸರಿಸಿದರು. ಈರಮ್ಮ ಅಲ್ಲೇ ನಿಂತಳು. ಹಿರಿಯರೆಲ್ಲ ಉಂಡ ಮೇಲೆಯೇ ಮನೆಯ ಆಳುಕಾಳು ಉಣ್ಣಬೇಕೆಂಬುದು ಸಾವ್ಕಾರ್ತಿ ತುಂಬ ಭಕ್ತಿಯಿಂದ ಮಾಡಿದ ಕಟ್ಟಳೆ. ಮೊದಲು ಉಂಡ ಒಬ್ಬಳನ್ನು ಕೆಲಸದಿಂದ ಬಿಡಿಸಿದ್ದರಂತೆ. ಈರಮ್ಮ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು, "ಏನ್ ಮಾಡ್ಲಿರಿ ಅಣ್ಣಾ? ನಾ ಉಂಡರ ನನ್ನ ಗತಿ ಏನು? ಅವ್ರು ಉಣ್ಣದಿದ್ದರ ಅವ್ರ ಗತಿ ಏನು?" ಇಬ್ಬರೂ ಒಂದೇ ನೇಮದವರು. ಒಬ್ಬರಿಗೊಬ್ಬರು ಕಾಯುತ್ತ ನಿಂತಿದ್ದರು. ಸಾವ್ಕಾರ್ತಿಗೆ ಹೇಳಿನೋಡಿದೆ. "ಮುತ್ಯಾ ಹೊಸಬರು, ಎರಡು ದಿನಕ್ಕ ರೂಢಿ ಆಗ್ತದ ಬಿಡ್ರಿ. ಹಿರಿಯರನ್ನ ಹಿಂದ ಉಣಿಸೂ ಪಾಪ ನನಗ ಬ್ಯಾಡ" ಎಂದರು. ಅವರದೂ ತಪ್ಪೆನ್ನಲಾರೆ.

ಎರಡು ದಿನ ಕಾಯಲು ನನಗೆ ಧೈರ್ಯವಾಗಲಿಲ್ಲ. ವಾಡಿಯಲ್ಲಿ ನನ್ನ ಮೇಲೆ ವಾಲಿದ ಆ ಹಗುರ ಮೈ ನೆನಪಾಯಿತು. ಈರಮ್ಮನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಬಟ್ಟಲುಗಳ ಸಪ್ಪಳ ಮಾಡಿಸಿ, ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದೆವು. "ಈರಮ್ಮಂದೂ ಆತ್ರಿ, ನಂದೂ ಆತ್ರಿ ಮುತ್ಯಾ. ಒಲಿ ಮುಂದ ಕುಂತು ಉಂಡಿವಿ" ಎಂದೆ. ಮುತ್ಯಾ ನನ್ನ ಕಡೆ ನೋಡಿದರು, ಅವಳ ಕಡೆ ನೋಡಿದರು. ತಟ್ಟೆ ಎಳೆದುಕೊಂಡು ಒಂದೂವರೆ ರೊಟ್ಟಿ ಉಂಡರು. ನನಗೆ ಗೆದ್ದ ಸಂತೋಷವಾಯಿತು. ದಿನಾ ಹೀಗೇ ಹೇಳು ಎಂದು ಈರಮ್ಮನಿಗೆ ಕಲಿಸಿಕೊಟ್ಟೆ. ಆಮೇಲೆ ಆಕೆ ನನಗೆ ಬಡಿಸಿದಾಗ ಮಾತ್ರ ತುತ್ತು ಇಳಿಯಲಿಲ್ಲ, ತಟ್ಟೆಯನ್ನು ಹಾಗೆಯೇ ಮುಚ್ಚಿಟ್ಟೆ.

ಸೋಮವಾರ ಬೆಳಿಗ್ಗೆ ಹೊರಡುವ ಹೊತ್ತು. ಸಾಲೆ ಶುರುವಾಗುವುದಿತ್ತು. ಮುತ್ಯಾ ಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು ಮಂಚದ ಮೇಲೆ ಕೂತಿದ್ದರು. ಕಾಲಿಗೆ ಹೊಸ ಪಟ್ಟಿ. ನಾನು ಅವರ ಪಾದದ ಹತ್ತಿರ ಕೂತು, ದೀಪಾವಳಿಗೆ ಬರುತ್ತೇನೆ, ಏನಾದರೂ ಬೇಕಾದರೆ ಹೇಳಿ ಕಳಿಸಿ, ಎಂದು ಎಲ್ಲರೂ ಹೇಳುವಂಥ ಮಾತುಗಳನ್ನು ಹೇಳಿದೆ. ಅವರು ನನ್ನ ತಲೆ ಸವರಿದರು.

"ಸುಲೇಪೇಟದಾಗ ಖಾನಾವಳಿ ಅದಲ್ಲ ಮಾಸ್ತರಪ್ಪಾ?"

"ಅದರಿ."

"ಬಂಡಿ ನಿಲ್ಸಿ ಅಲ್ಲಿ ಮೊದಲ ಉಣ್ಣು. ನಿನ್ನಿ ಮಧ್ಯಾಹ್ನದಿಂದ ಹೊಟ್ಟಿಗಿ ಏನೂ ಇಲ್ಲ ನಿನಗ."

ನಾನು ತಡವರಿಸಿದೆ. "ಉಂಡಿದ್ದೆನಲ್ರಿ..."

"ಉಂಡವರ ದನಿ ಬ್ಯಾರೆ ಇರ್ತದ, ಹಸದವರ ದನಿ ಬ್ಯಾರೆ ಇರ್ತದ. ಅದನ್ನ ಕೇಳಿಕೋತನೇ ಮುಪ್ಪಾಗೀನಿ ನಾ. ಆ ತಾಯೀನೂ ಉಂಡಿರಲಿಲ್ಲ."

ನನಗೆ ಮುಖ ಎತ್ತಲಾಗಲಿಲ್ಲ. ಹಾಗೆಯೇ ಕೇಳಿದೆ, "ಗೊತ್ತಿದ್ದೂ ಯಾಕ ಉಂಡ್ರಿ ಮುತ್ಯಾ?"

"ಮತ್ತ ನೀ ಊರಿಗಿ ಹೋಗ್ಬೇಕಲ್ಲೋ" ಎಂದರು.

ಹಣಮಂತ ಎತ್ತು ಹೂಡಿ ಕರೆದ. ನಾನು ಅವರ ಕಾಲು ಮುಟ್ಟಿ ಎದ್ದು ಬಂದೆ. ಬಂಡಿ ಅಂಗಳ ದಾಟುವಾಗ ತಿರುಗಿ ನೋಡಿದೆ. ಮುಂಜಾನೆಯ ರೊಟ್ಟಿಯ ಹೊತ್ತಾಗಿತ್ತು, ಈರಮ್ಮ ಎಂಟನೆಯ ಮಂಚದ ಮುಂದೆ ತಟ್ಟೆ ಇಟ್ಟು ನಿಂತಿದ್ದಳು. ಮುತ್ಯಾ ಏನೋ ಕೇಳಿದರು. ಆಕೆ ಹೌದೆಂದು ತಲೆಯಾಡಿಸಿದಳು. ಮುತ್ಯಾ ಆಕೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿ, ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.